ಎತ್ತಿಗೆ ತಕ್ಕ ಹೇರು



ಹಳೆಯ ವಸ್ತುಗಳಿಗೂ ಒಂದು ಮರುಜನ್ಮ ಉಂಟು. ಅಟ್ಟದ ಮೂಲೆಯಲ್ಲಿ ಧೂಳು ಹೊದ್ದು ಕುಳಿತಿದ್ದ ವಾಲ್ವ್ ಆಂಪ್ಲಿಫೈಯರುಗಳು ಈಚೆಗೆ ಮತ್ತೆ ಕೆಳಗಿಳಿಯುತ್ತಿವೆ. 1960ರ ಮತ್ತು 1970ರ ದಶಕಗಳಲ್ಲಿ ನಮ್ಮ ಸೀಮೆಯ ಲಗ್ನ, ಜಾತ್ರೆ, ನಾಟಕ, ಪುರಾಣ, ಚುನಾವಣೆ ಯಾವುದಕ್ಕೂ ‘ಮೈಕ್‌ಸೆಟ್ಟು’ ಬಾರದೆ ಕಳೆ ಕಟ್ಟುತ್ತಿರಲಿಲ್ಲ. ಬೇವಿನ ಮರದ ಕೊಂಬೆಗೆ ಕಟ್ಟಿದ ಹಾರ್ನು. ಅದರ ಕೆಳಗೆ ಕಬ್ಬಿಣದ ಭಾರವಾದ ಪೆಟ್ಟಿಗೆ. ಪೆಟ್ಟಿಗೆಯ ಜಾಲರಿಯ ಒಳಗೆ ನಸುಗೆಂಪಾಗಿ ಹೊಳೆಯುವ ಗಾಜಿನ ಕೊಳವೆಗಳು. ಆ ಕೊಳವೆಗಳೇ ವಾಲ್ವುಗಳು. ಮುಂದೆ ಟ್ರಾನ್ಸಿಸ್ಟರು ಬಂತು, ಪೆಟ್ಟಿಗೆ ಹಗುರಾಯಿತು, ಕೊಳವೆಗಳು ಮರೆಯಾದವು. ಈಗ ಅವುಗಳ ದನಿಯಲ್ಲಿ ಒಂದು ಮಾರ್ದವವಿದೆಯೆಂದು ಸಂಗೀತಪ್ರಿಯರು ಅವನ್ನು ಹುಡುಕಿ ತರುತ್ತಿದ್ದಾರೆ. ವಿಜಯಪುರದ ಗುಜರಿಯಂಗಡಿಗಳಲ್ಲಿ, ತಿಕೋಟಾ, ಬಬಲೇಶ್ವರಗಳ ಹಳೆಯ ಮನೆಗಳಲ್ಲಿ ಇಂಥ ಪೆಟ್ಟಿಗೆ ಸಿಕ್ಕರೆ ತರುಣರು ಸಡಗರದಿಂದ ಸ್ಪೀಕರು ಜೋಡಿಸಲು ಕೂಡುತ್ತಾರೆ.

ಸಡಗರ ಸಹಜ. ಆದರೆ ಅದರ ಬೆನ್ನಿಗೆ ಒಂದು ಅಪಾಯವೂ ಇದೆ. ಸ್ಪೀಕರನ್ನು ತಪ್ಪಾಗಿ ಜೋಡಿಸಿದರೆ, ಅಥವಾ ಜೋಡಿಸದೆಯೇ ಪೆಟ್ಟಿಗೆಯನ್ನು ಚಾಲೂ ಮಾಡಿದರೆ, ಅದರ ಜೀವನಾಡಿಯಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅದನ್ನು ಮತ್ತೆ ಸುತ್ತಿಕೊಡಬಲ್ಲ ಕುಶಲಿಗಳು ಈಗ ವಿರಳ. ಒಳಗೆ ಕೈಯಿಟ್ಟರಂತೂ ಮನುಷ್ಯನ ಪ್ರಾಣಕ್ಕೇ ಸಂಚಕಾರ. ಕನ್ನಡ ಎಂ.ಎ. ಮಾಡಿ ಪಾಠ ಹೇಳುತ್ತ ಬಂದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಕಾಲೇಜಿನ ಸಾಹಿತ್ಯ ಸಂಘದ ಹೊಣೆ ಹೊತ್ತವನಿಗೆ ಮೈಕ್‌ಸೆಟ್ಟಿನ ಸಹವಾಸ ತಪ್ಪಿದ್ದಲ್ಲ. ಜೊತೆಗೆ, ಈ ವಿಷಯದ ತಿರುಳು ಒಂದು ಶಬ್ದದ ಅರ್ಥದಲ್ಲಿ ಅಡಗಿದೆ. ಶಬ್ದಾರ್ಥವನ್ನು ಬಿಡಿಸುವುದು ನಮ್ಮ ಕಸುಬೇ ಅಲ್ಲವೆ?

ಆ ಶಬ್ದ ‘ಇಂಪೀಡೆನ್ಸ್’. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಎಂಬ ವಿಜ್ಞಾನಿ 1886ರಲ್ಲಿ ಇದನ್ನು ವಿದ್ಯುತ್ ಶಾಸ್ತ್ರಕ್ಕೆ ತಂದನು. ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಕಾಲಿಗೆ ತೊಡಕು ಹಾಕುವುದು ಎಂಬುದು ಅದರ ಮೂಲಾರ್ಥ. ನಮ್ಮ ‘ಕಾಲ್ತೊಡಕು’ ಎಂಬ ಮಾತು ಇದಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ. ಹಿಂದೆ ಮುಂದೆ ಅಲೆಯಾಡುವ ವಿದ್ಯುತ್ತಿಗೆ ಒಂದು ಸಾಧನ ಒಡ್ಡುವ ಒಟ್ಟು ತಡೆಯೇ ಇಂಪೀಡೆನ್ಸ್. ಇದನ್ನು ಅಳೆಯುವುದು ಓಮ್ ಎಂಬ ಮಾನದಿಂದ. ತಡೆ ಎಂದೊಡನೆ ಅದನ್ನು ಕೇಡೆಂದು ತಿಳಿಯಬೇಕಾಗಿಲ್ಲ. ನಡೆಯುವವನ ಪಾದಕ್ಕೆ ನೆಲ ಒಡ್ಡುವ ತಡೆ ಇಲ್ಲದಿದ್ದರೆ ಅವನು ಜಾರಿ ಬೀಳುತ್ತಾನೆ. ಆದುದರಿಂದ ಈ ತಡೆಗೆ ನಾನು ನಮ್ಮ ಒಕ್ಕಲಿಗರ ಮಾತಿನಲ್ಲಿ ‘ಹೇರು’ ಎನ್ನುತ್ತೇನೆ. ಎತ್ತಿನ ಕಸುವಿಗೆ ತಕ್ಕ ಹೇರು ಇರಬೇಕು. ಮಿತಿಮೀರಿದರೆ ಎತ್ತು ಮೊಣಕಾಲೂರುತ್ತದೆ. ಏನೂ ಇಲ್ಲದಿದ್ದರೆ ಬಂಡಿ ಹತೋಟಿ ತಪ್ಪುತ್ತದೆ.

ಹೊಂದಾಣಿಕೆ ಇಲ್ಲದಾಗ ಏನಾಗುತ್ತದೆಂಬುದನ್ನು ತಿಳಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ದನಿ ಮತ್ತೆ ಮತ್ತೆ ಮರಳಿ ಬರುತ್ತದೆ. ಏಕೆ? ಗಾಳಿ ಹಗುರ, ಗುಮ್ಮಟದ ಗೋಡೆ ಬಲು ಗಡುಸು. ದನಿಗೆ ಇವೆರಡೂ ಒಡ್ಡುವ ತಡೆಗಳ ನಡುವೆ ಅಜಗಜಾಂತರ. ಗಾಳಿಯಲ್ಲಿ ಬಂದ ದನಿಯನ್ನು ಗೋಡೆ ಒಳಗೆ ಬಿಟ್ಟುಕೊಳ್ಳದೆ, ಬಹುಪಾಲು ಹಾಗೆಯೇ ಹಿಂದಕ್ಕೆ ಕಳಿಸುತ್ತದೆ. ಗುಮ್ಮಟದಲ್ಲಿ ಇದು ವಿಸ್ಮಯ. ಆದರೆ ಕೆಲಸ ಮಾಡಿಸಬೇಕಾದ ಕಡೆ ಇದು ನಷ್ಟ. ಅದಕ್ಕೇ ಪ್ರಕೃತಿ ನಮ್ಮ ಕಿವಿಯೊಳಗೆ ಒಂದು ಏರ್ಪಾಟು ಮಾಡಿದೆ. ಹೊರಗೆ ಗಾಳಿ, ಒಳಗೆ ದ್ರವ. ಗಾಳಿಯ ದನಿ ನೇರವಾಗಿ ದ್ರವಕ್ಕೆ ತಾಗಿದರೆ ಬಹುಪಾಲು ಮರಳಿಹೋಗುತ್ತದೆ. ನಡುವೆ ಮೂರು ಪುಟ್ಟ ಎಲುಬುಗಳು ನಿಂತು, ಅಗಲವಾದ ತಮಟೆಯ ಮೃದು ಅಲುಗಾಟವನ್ನು ಅದಕ್ಕಿಂತ ಸುಮಾರು 17 ಪಟ್ಟು ಕಿರಿದಾದ ಕಿಂಡಿಯ ಮೇಲೆ ಬಲವಾದ ಒತ್ತಡವಾಗಿ ಮಾರ್ಪಡಿಸಿ ದಾಟಿಸುತ್ತವೆ.

ವಾಲ್ವ್ ಆಂಪ್ಲಿಫೈಯರಿನಲ್ಲಿ ಆ ಮೂರು ಎಲುಬುಗಳ ಕೆಲಸ ಮಾಡುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವಿನ ಸ್ವಭಾವ ಒಂದು, ಸ್ಪೀಕರಿನ ಸ್ವಭಾವ ಇನ್ನೊಂದು. ವಾಲ್ವು ನೂರಾರು ವೋಲ್ಟಿನ ಒತ್ತಡದಲ್ಲಿ ಅತ್ಯಲ್ಪ ವಿದ್ಯುತ್ ಹರಿಸುತ್ತದೆ. ಅದಕ್ಕೆ ಸಾವಿರಾರು ಓಮಿನ ಹೇರು ಬೇಕು. ಸ್ಪೀಕರಿನ ಸುರುಳಿಗೆ ಕೆಲವೇ ವೋಲ್ಟು ಸಾಕು, ಆದರೆ ವಿದ್ಯುತ್ ಧಾರಾಳವಾಗಿ ಹರಿಯಬೇಕು. ಅದರ ತಡೆ 4, 8 ಅಥವಾ 16 ಓಮ್ ಮಾತ್ರ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಇಬ್ಬರ ನಡುವೆ ದುಭಾಷಿ ನಿಂತಂತೆ ಟ್ರಾನ್ಸ್‌ಫಾರ್ಮರ್ ನಿಲ್ಲುತ್ತದೆ. ಇದರ ಲೆಕ್ಕ ಸರಳ. ಇಎಲ್ 84 ಎಂಬ ಪ್ರಸಿದ್ಧ ವಾಲ್ವು ಒಂಟಿಯಾಗಿ ದುಡಿಯುವಾಗ ಸುಮಾರು 5000 ಓಮಿನ ಹೇರು ಬಯಸುತ್ತದೆ. ಸ್ಪೀಕರು 8 ಓಮ್. ಐದು ಸಾವಿರವನ್ನು ಎಂಟರಿಂದ ಭಾಗಿಸಿದರೆ 625. ಅದರ ವರ್ಗಮೂಲ 25. ಅಂದರೆ ವಾಲ್ವಿನ ಕಡೆ 25 ಸುತ್ತಿಗೆ ಸ್ಪೀಕರಿನ ಕಡೆ 1 ಸುತ್ತಿನ ಪ್ರಮಾಣದಲ್ಲಿ ತಂತಿ ಸುತ್ತಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಓಮ್ ಎಂಬುದಿಲ್ಲ. ಅದು ಸುತ್ತಿನ ಪ್ರಮಾಣವನ್ನಷ್ಟೇ ಬಲ್ಲದು. ಮೇಲಿನ ಪೆಟ್ಟಿಗೆಯಲ್ಲಿ 8 ಓಮಿನ ಜಾಗಕ್ಕೆ 4 ಓಮಿನ ಸ್ಪೀಕರು ಜೋಡಿಸಿದರೆ ವಾಲ್ವಿಗೆ ಕಾಣುವುದು 2500 ಓಮ್. ಆಗ ವಿದ್ಯುತ್ ಹೆಚ್ಚು ಹರಿದು ವಾಲ್ವು ಬಳಲುತ್ತದೆ. 16 ಓಮಿನದನ್ನು ಜೋಡಿಸಿದರೆ 10000 ಓಮ್ ಕಾಣುತ್ತದೆ; ಆಗ ವೋಲ್ಟು ಏರಿ ಟ್ರಾನ್ಸ್‌ಫಾರ್ಮರಿನ ಹೊದಿಕೆಗೆ ಕಷ್ಟ. ದುಭಾಷಿಯು ಹೇಳಿದ್ದನ್ನು ಹೇಳಿದಂತೆಯೇ ದಾಟಿಸುತ್ತಾನೆ. ಕೇಳುವವರು ಯಾರೆಂಬುದನ್ನು ನೋಡಿಕೊಳ್ಳಬೇಕಾದವರು ನಾವು.

ಹಾಗಾದರೆ ಮಾಡಬೇಕಾದುದೇನು? ಮೊದಲು ಸ್ಪೀಕರಿನ ಬೆನ್ನ ಮೇಲಿನ ಚೀಟಿಯನ್ನು ಓದಬೇಕು. ಚೀಟಿ ಅಳಿಸಿಹೋಗಿದ್ದರೆ ಮೀಟರಿನಿಂದ ಅಳೆಯಬೇಕು. ಮೀಟರು ತೋರಿಸುವುದು ತಂತಿಯ ನೇರ ತಡೆಯನ್ನು ಮಾತ್ರ. ಅದು ಹೆಸರಿಗಿಂತ ತುಸು ಕಡಿಮೆಯೇ ಇರುತ್ತದೆ. ಮೂರು ಮೂರೂವರೆ ತೋರಿಸಿದರೆ ಅದು 4 ಓಮಿನ ಸ್ಪೀಕರು. ಆರರ ಆಸುಪಾಸು ಇದ್ದರೆ 8. ಹತ್ತು ಹನ್ನೆರಡು ಇದ್ದರೆ 16. ಹತ್ತಾರು ಓಮ್ ತೋರಿದರೆ ಒಳಗೆ ಬೇರೊಂದು ಟ್ರಾನ್ಸ್‌ಫಾರ್ಮರ್ ಕುಳಿತಿರಬಹುದು. ಅದರ ಮಾತು ಮುಂದೆ ಬರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಹರಿದಿದೆ. ಅಂಥ ಸ್ಪೀಕರನ್ನು ಜೋಡಿಸುವುದೂ ಒಂದೇ, ಬಿಡುವುದೂ ಒಂದೇ. ಬಳಿಕ ಪೆಟ್ಟಿಗೆಯ ಹಿಂಬದಿಯನ್ನು ನೋಡಬೇಕು. ಅಲ್ಲಿ ಸೊನ್ನೆ, 4, 8, 16 ಎಂದು ತಿರುಪುಗಳಿರುತ್ತವೆ. ಸ್ಪೀಕರಿನ ಒಂದು ತಂತಿ ಸೊನ್ನೆಗೆ, ಇನ್ನೊಂದು ತನ್ನ ಓಮಿನ ತಿರುಪಿಗೆ. ಒಂದು ಹೊತ್ತಿಗೆ ಒಂದೇ ತಿರುಪನ್ನು ಬಳಸಬೇಕು. ಎಂಟಕ್ಕೊಂದು, ಹದಿನಾರಕ್ಕೊಂದು ಎಂದು ಎರಡಕ್ಕೂ ಸ್ಪೀಕರು ಹಚ್ಚಿದರೆ ಎರಡು ಹೇರೂ ಸೇರಿ ಒಂದೇ ವಾಲ್ವಿನ ಹೆಗಲಿಗೆ ಬೀಳುತ್ತವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರು ಇಲ್ಲದೆ ಎಂದಿಗೂ ನಡೆಸಕೂಡದು. ಹಗ್ಗಜಗ್ಗಾಟವನ್ನು ನೆನೆಯಿರಿ. ಒಂದು ಕಡೆಯವರು ಕಸುವೆಲ್ಲ ಹಾಕಿ ಎಳೆಯುತ್ತಿರುವಾಗ ಎದುರಿನವರು ಹಠಾತ್ತನೆ ಹಗ್ಗ ಬಿಟ್ಟರೆ ಎಳೆಯುವವರೇ ಮಲಗುತ್ತಾರೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಕಾಂತಶಕ್ತಿ ಕೂಡಿರುತ್ತದೆ. ಅದು ಸ್ಪೀಕರಿನ ಮೂಲಕ ದನಿಯಾಗಿ ಹೊರಬರಬೇಕು. ಆ ದಾರಿ ಮುಚ್ಚಿದ್ದರೆ ಶಕ್ತಿಯು ತಾನು ಬಂದ ಕಡೆಗೇ ತಿರುಗಿ, ವಾಲ್ವಿನ ಪಕ್ಕದ ಸುತ್ತಿನಲ್ಲಿ ಸಾವಿರಾರು ವೋಲ್ಟಾಗಿ ಎದ್ದು ನಿಲ್ಲುತ್ತದೆ. ವಾಲ್ವಿನ ಬುಡದಲ್ಲಿ ಕಿಡಿ ಹಾರುತ್ತದೆ; ತಂತಿಯ ಹೊದಿಕೆ ತೂತಾಗುತ್ತದೆ; ಟ್ರಾನ್ಸ್‌ಫಾರ್ಮರ್ ಅಲ್ಲಿಗೆ ಮುಗಿಯುತ್ತದೆ. ಗುಮ್ಮಟದಲ್ಲಿ ಮರಳಿದ ದನಿ ಮಕ್ಕಳನ್ನು ನಗಿಸುತ್ತದೆ. ಪೆಟ್ಟಿಗೆಯೊಳಗೆ ಮರಳಿದ ಶಕ್ತಿ ಪೆಟ್ಟಿಗೆಯನ್ನೇ ಸುಡುತ್ತದೆ.

ಈ ಎಚ್ಚರಿಕೆ ಇಂದಿನ ತರುಣರಿಗೆ ವಿಚಿತ್ರವೆನಿಸಬಹುದು. ಅವರು ಬೆಳೆದದ್ದು ಟ್ರಾನ್ಸಿಸ್ಟರಿನ ಕಾಲದಲ್ಲಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಸ್ಪೀಕರು ಇಲ್ಲದಿದ್ದರೆ ಸಾಮಾನ್ಯವಾಗಿ ಬಾಧೆಯಿಲ್ಲ; ಅದಕ್ಕೆ ಭಯವಿರುವುದು ಎರಡು ತಂತಿಗಳು ಒಂದಕ್ಕೊಂದು ತಾಗುವುದರಲ್ಲಿ, ಓಮು ತೀರ ಕಡಿಮೆಯಾಗುವುದರಲ್ಲಿ. ವಾಲ್ವಿನ ನೀತಿ ಬಹುಮಟ್ಟಿಗೆ ಇದರ ತಲೆಕೆಳಗು. ತಂತಿ ತಾಗುವುದು ಅದಕ್ಕೂ ಹಿತವಲ್ಲ. ಆದರೆ ತಂತಿ ಬಿಟ್ಟುಹೋಗುವುದು ಅದಕ್ಕಿಂತ ಕೆಟ್ಟದ್ದು. ಗಿಟಾರಿನವರು ಬಳಸುವ ಕೆಲವು ವಾಲ್ವ್ ಆಂಪ್ಲಿಫೈಯರುಗಳಲ್ಲಿ, ಸ್ಪೀಕರಿನ ಪಿನ್ನು ಕಿತ್ತೊಡನೆ ಎರಡು ತುದಿಗಳೂ ತಾವಾಗಿ ಕೂಡಿಕೊಳ್ಳುವಂತೆ ಏರ್ಪಾಟು ಮಾಡಿರುವುದು ಇದೇ ಕಾರಣಕ್ಕೆ. ಒಂದು ಕಾಲದ ಜಾಣತನವೇ ಇನ್ನೊಂದು ಕಾಲದ ವಸ್ತುವಿಗೆ ಮುಳುವಾಗುವುದೆಂದರೆ ಹೀಗೆ.

ಆದುದರಿಂದ ಕ್ರಮವನ್ನು ಮರೆಯಬಾರದು: ಮೊದಲು ಸ್ಪೀಕರಿನ ತಂತಿ, ಆಮೇಲೆ ಕರೆಂಟು. ಬಿಚ್ಚುವಾಗ ಮೊದಲು ಕರೆಂಟು, ಆಮೇಲೆ ತಂತಿ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಸಾದಾ ಸ್ವಿಚ್ಚು ಹಾಕಬಾರದು; ಸ್ವಿಚ್ಚು ಆರಿದೊಡನೆ ಹಗ್ಗ ಬಿಟ್ಟಂತೆಯೇ. ತಂತಿಯ ತುದಿಗಳನ್ನು ಕೈಯಿಂದ ಹೊಸೆದು ಬಿಡದೆ ತಿರುಪಿನಲ್ಲಿ ಬಿಗಿಯಬೇಕು. ಜನ ಓಡಾಡುವ ಕಡೆ ತಂತಿ ಕಾಲಿಗೆ ಸಿಗದಂತೆ ಎತ್ತಿ ಕಟ್ಟಬೇಕು. ಸ್ಪೀಕರು ಹಚ್ಚದೆ ಪೆಟ್ಟಿಗೆಯನ್ನು ಪರೀಕ್ಷಿಸಲೇಬೇಕಾದರೆ ಅದೇ ಓಮಿನ, ಆಂಪ್ಲಿಫೈಯರಿನ ವ್ಯಾಟಿಗಿಂತ ಇಮ್ಮಡಿ ತಾಳಬಲ್ಲ, ತಂತಿ ಸುತ್ತಿದ ರೆಸಿಸ್ಟರನ್ನು ಸ್ಪೀಕರಿನ ಜಾಗದಲ್ಲಿ ಕೂಡಿಸಬೇಕು. ಅದು ಹಾಡುವುದಿಲ್ಲ, ಬಿಸಿಯಾಗುತ್ತದೆ. ಆದರೆ ಹೇರನ್ನು ಹೊರುತ್ತದೆ.

ಒಂದಕ್ಕಿಂತ ಹೆಚ್ಚು ಸ್ಪೀಕರುಗಳಿದ್ದಾಗ ಗೊಂದಲ ಹೆಚ್ಚು. ಬಬಲೇಶ್ವರದ ಕಡೆಯ ತರುಣರೊಬ್ಬರು, ಸ್ಪೀಕರುಗಳು ನಾಲ್ಕಿವೆ, ಎಲ್ಲವೂ 8 ಓಮಿನವು, ಪೆಟ್ಟಿಗೆ ಒಂದೇ, ಹೇಗೆ ಹಚ್ಚಲಿ ಸರ್ ಎಂದು ನನ್ನನ್ನು ಕೇಳಿದ್ದರು. ಉತ್ತರ ಪ್ರಾಥಮಿಕ ಶಾಲೆಯ ಗಣಿತದ್ದು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಸರಪಳಿ ಮಾಡಿದರೆ ಓಮುಗಳನ್ನು ಕೂಡಬೇಕು: ನಾಲ್ಕೂ ಸೇರಿ 32. ಎಲ್ಲದರ ತಲೆಯನ್ನು ಒಂದು ಕಡೆ, ಎಲ್ಲದರ ಬಾಲವನ್ನು ಇನ್ನೊಂದು ಕಡೆ ಕಟ್ಟಿದರೆ ಸಮಾನವಾದ ಓಮನ್ನು ಎಣಿಕೆಯಿಂದ ಭಾಗಿಸಬೇಕು: 2. ಎರಡೂ ಸಲ್ಲವು. ಎರಡೆರಡನ್ನು ಸರಪಳಿ ಮಾಡಿ 16ರ ಎರಡು ಜೋಡಿ ಕಟ್ಟಿ, ಆ ಜೋಡಿಗಳನ್ನು ಪಕ್ಕಪಕ್ಕ ಸೇರಿಸಿದರೆ ಮತ್ತೆ ಸರಿಯಾಗಿ 8. ಇದರಲ್ಲಿ ಇನ್ನೊಂದು ಗುಣವುಂಟು. ಒಂದು ಸ್ಪೀಕರಿನ ಸುರುಳಿ ಹರಿದರೆ ಆ ಜೋಡಿ ಮಾತ್ರ ಮೌನವಾಗುತ್ತದೆ. ಉಳಿದ ಜೋಡಿ 16 ಓಮಿನ ಹೇರಾಗಿ ನಿಂತು ಪೆಟ್ಟಿಗೆಯನ್ನು ಕಾಯುತ್ತದೆ. ನಾಲ್ಕನ್ನೂ ಒಂದೇ ಸರಪಳಿಯಲ್ಲಿ ಕಟ್ಟಿದ್ದರೆ ಒಂದು ಹರಿದೊಡನೆ ಎಲ್ಲವೂ ಹರಿದಂತೆ.

ಬೇರೆ ಬೇರೆ ಓಮಿನವನ್ನು ಪಕ್ಕಪಕ್ಕ ಸೇರಿಸಿದರೆ ಹಂಚಿಕೆ ಸಮವಾಗದು. 8 ಮತ್ತು 16 ಸೇರಿದರೆ ಒಟ್ಟು ಐದೂಕಾಲು ಓಮಿಗಿಂತ ಸ್ವಲ್ಪ ಹೆಚ್ಚು. 8 ಓಮಿನದು 16ರದಕ್ಕಿಂತ ಇಮ್ಮಡಿ ಶಕ್ತಿ ಕಬಳಿಸುತ್ತದೆ. ಜೋಡಿಸುವಾಗ ಸ್ಪೀಕರುಗಳ ಧನ, ಋಣ ತುದಿಗಳನ್ನೂ ಗಮನಿಸಬೇಕು. ಗುರುತಿಲ್ಲದಿದ್ದರೆ ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿ. ಕಾಗದದ ಶಂಕು ಮುಂದಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿ ತಾಗಿದ್ದೇ ಸ್ಪೀಕರಿನ ಧನ. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಲಿಸಿದರೆ ಎರಡೂ ಒಂದನ್ನೊಂದು ಅಳಿಸಿಕೊಂಡು ದನಿ ಸೊರಗುತ್ತದೆ.

ಇನ್ನು ಜಾತ್ರೆಯ ಮಾತು. ಸಂಕ್ರಾಂತಿಯ ಹೊತ್ತಿನಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ ಕೂಡುತ್ತದೆ. ಅಂಥ ಬಯಲಿನಲ್ಲಿ ಪೆಟ್ಟಿಗೆ ಒಂದು ಕಡೆ, ಹಾರ್ನು ನೂರು ಮೀಟರ್ ಆಚೆ. ಮುಕ್ಕಾಲು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ನೂರು ಮೀಟರ್ ಹೋಗಿ ಮರಳಿ ಬರುವಾಗ ಅದರ ತಡೆಯೇ ಸುಮಾರು ನಾಲ್ಕೂವರೆ ಓಮ್ ಆಗುತ್ತದೆ. 8 ಓಮಿನ ಸ್ಪೀಕರಿಗೆ ಹೊರಟ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ದಾರಿಯಲ್ಲೇ ತೀರುತ್ತದೆ. ಇದಕ್ಕೆ ಬಲ್ಲವರು ಕಂಡ ಉಪಾಯ 100 ವೋಲ್ಟಿನ ಲೈನು. ಪೆಟ್ಟಿಗೆಯಿಂದ ಹೆಚ್ಚು ವೋಲ್ಟು, ಕಡಿಮೆ ವಿದ್ಯುತ್ ಕಳಿಸಿ, ಪ್ರತಿಯೊಂದು ಹಾರ್ನಿನ ಬಳಿ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಕೂಡಿಸುವುದು. 100 ವೋಲ್ಟಿನ ಲೈನಿನಲ್ಲಿ 10 ವ್ಯಾಟಿನ ಹಾರ್ನು 1000 ಓಮಿನ ಹೇರಾಗಿ ಕಾಣುತ್ತದೆ. ಅದರ ಎದುರು ತಂತಿಯ ನಾಲ್ಕೂವರೆ ಓಮ್ ಲೆಕ್ಕಕ್ಕೇ ಇಲ್ಲ. ಇಲ್ಲಿ ಓಮಿನ ಗಣಿತ ಬೇಡ. ವ್ಯಾಟುಗಳನ್ನು ಕೂಡಿದರೆ ಸಾಕು. 50 ವ್ಯಾಟಿನ ಪೆಟ್ಟಿಗೆಗೆ 10 ವ್ಯಾಟಿನ ಐದು ಹಾರ್ನು, ಆರನೆಯದು ಕೂಡದು. ಟ್ರಾನ್ಸ್‌ಫಾರ್ಮರ್ ಇಲ್ಲದ ಹಾರ್ನನ್ನು ಮಾತ್ರ ಈ ಲೈನಿಗೆ ತಾಗಿಸಲೇಬಾರದು. ಅದರ ಸುರುಳಿ ಗಳಿಗೆಯಲ್ಲಿ ಸುಟ್ಟೀತು.

ಸರಿಯಾದ ಓಮಿನ ಸ್ಪೀಕರೇ ಸಿಗದಿದ್ದರೆ? ಒಂದು ಮೆಟ್ಟಿಲಿನ ಅಂತರವನ್ನು, ಎಂದರೆ ಎಂಟಕ್ಕೆ ನಾಲ್ಕು ಅಥವಾ ಹದಿನಾರನ್ನು, ಗಟ್ಟಿಯಾಗಿ ಕಟ್ಟಿದ ಪೆಟ್ಟಿಗೆ ಸಣ್ಣ ದನಿಯಲ್ಲಿ ಸಾಮಾನ್ಯವಾಗಿ ಸಹಿಸುತ್ತದೆ. ಅದನ್ನು ರೂಢಿ ಮಾಡಬಾರದು, ದನಿಯನ್ನು ಪೂರ್ತಿ ಏರಿಸಬಾರದು. ಎರಡು ಮೆಟ್ಟಿಲಿನ ಅಂತರವಂತೂ ಬೇಡವೇ ಬೇಡ. ವಾಲ್ವಿನ ಒಳಗೆ ಸಣ್ಣ ತಂತಿ ಕೆಂಪಗಿರುವುದು ಸಹಜ. ಆದರೆ ಅದರ ಸುತ್ತಲಿನ ಬೂದುಬಣ್ಣದ ತಗಡು ಕೆಂಪೇರತೊಡಗಿದರೆ, ಸುಟ್ಟ ಮೇಣದ ವಾಸನೆ ಬಂದರೆ, ಒಳಗೆ ಚಿಟಿಚಿಟಿ ಸದ್ದಾದರೆ, ಒಡನೆಯೇ ಕರೆಂಟು ಆರಿಸಬೇಕು.

ಜೀವದ ಮಾತನ್ನು ಕೊನೆಗೆ ಹೇಳುತ್ತಿದ್ದರೂ ಅದರ ಸ್ಥಾನ ಮೊದಲನೆಯದು. ಈ ಪೆಟ್ಟಿಗೆಗಳ ಒಳಗೆ 300ರಿಂದ 500 ವೋಲ್ಟಿನವರೆಗೆ ಇರುತ್ತದೆ. ನಮ್ಮ ಮನೆಗೆ ಬರುವ 230 ವೋಲ್ಟಿಗಿಂತ ಅದು ಘೋರ. ಕರೆಂಟು ತೆಗೆದ ಮೇಲೂ ಒಳಗಿನ ಕಂಡೆನ್ಸರುಗಳು ಅದನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲವು. ಮೀಟರಿನಿಂದ ಅಳೆದು, ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳದೆ ಒಳಗೆ ಬೆರಳು ಹಾಕಬಾರದು. ಎಸಿ, ಡಿಸಿ ಎರಡರಿಂದಲೂ ನಡೆಯುವಂತೆ ಕಟ್ಟಿದ ಕೆಲವು ಹಳೆಯ ಸೆಟ್ಟುಗಳಲ್ಲಿ ಕಬ್ಬಿಣದ ಚೌಕಟ್ಟಿಗೇ ನೇರವಾಗಿ ಲೈನು ಬಂದಿರುತ್ತದೆ. ದಶಕಗಳ ಕಾಲ ಮಲಗಿದ್ದ ಪೆಟ್ಟಿಗೆಯನ್ನು ತಂದ ದಿನವೇ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸದೆ ಬಲ್ಲ ರಿಪೇರಿಗಾರರಿಗೆ ಒಮ್ಮೆ ತೋರಿಸಿ, ಅರ್ಥಿಂಗ್ ಹಾಕಿಸಿ, ಫ್ಯೂಸು ಹೋದರೆ ಅದೇ ಅಳತೆಯ ಫ್ಯೂಸನ್ನೇ ಹಾಕಿ. ಸ್ಪೀಕರನ್ನು ಹೊರಗಿನಿಂದ ಸರಿಯಾಗಿ ಜೋಡಿಸುವುದು ಎಲ್ಲರೂ ಕಲಿಯಬಹುದಾದ ವಿದ್ಯೆ. ಒಳಗಿನ ಕೆಲಸ ಬಲ್ಲವರದು.

ದನಿ ದೂರ ಮುಟ್ಟುವುದು ಕಿರುಚುವುದರಿಂದಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅವರದು ಮೆಲುದನಿ, ಸಾವಧಾನದ ಮಾತು. ಸಾವಿರಾರು ಜನ ಕುಳಿತ ಬಯಲಿನ ಕೊನೆಯವರೆಗೂ ಆ ಮಾತು ಮುಟ್ಟುತ್ತಿತ್ತು. ಕೇಳುವವನ ಕಿವಿಗೆ, ಅವನ ತಿಳಿವಿಗೆ ತಕ್ಕಂತೆ ಮಾತು ಹದಗೊಂಡಿರುತ್ತಿತ್ತು; ಆದ್ದರಿಂದ ಅದು ಗೋಡೆಗೆ ಬಡಿದು ಮರಳುತ್ತಿರಲಿಲ್ಲ. ಪಾಠ ಹೇಳುವವರೂ ಭಾಷಣ ಮಾಡುವವರೂ ದಿನದಿನವೂ ಪಡಬೇಕಾದ ಪಾಡು ಇದೇ. ಎದುರಿಗಿರುವವರು ಹೊರಬಲ್ಲ ಹೇರು ಎಷ್ಟೆಂದು ತಿಳಿಯದೆ ದನಿ ಏರಿಸಿದರೆ ಸುಡುವುದು ನಮ್ಮ ಗಂಟಲೇ.

ಅಟ್ಟದಿಂದ ಪೆಟ್ಟಿಗೆ ಇಳಿಸಿದ ತರುಣ ಮಿತ್ರರೇ, ಧೂಳು ಒರೆಸಿ, ಬಲ್ಲವರಿಗೆ ತೋರಿಸಿ, ಚೀಟಿ ಓದಿ, ಓಮ್ ಅಳೆಯಿರಿ. ಸೊನ್ನೆಗೊಂದು, ಎಂಟಕ್ಕೊಂದು ತಂತಿ ಬಿಗಿಯಿರಿ. ಆಮೇಲೆ ಕರೆಂಟು ಹಾಕಿ ಅರ್ಧ ನಿಮಿಷ ಕಾಯಿರಿ. ವಾಲ್ವು ಕಾಯುವವರೆಗೆ ಮಾತು ಹೊರಡುವುದಿಲ್ಲ. ಆ ಅರ್ಧ ನಿಮಿಷದ ಮೌನವನ್ನೂ ಕೇಳಿ ನೋಡಿ. ಈಗಿನ ಯಂತ್ರಗಳಲ್ಲಿ ಅದು ಸಿಗುವುದಿಲ್ಲ.